ಧಾರಕದ ನಡುವಣ ವಸ್ತು: ಪಠ್ಯಪುಸ್ತಕಗಳ ಒಂದು ಅಧ್ಯಾಯದ ವಿಮರ್ಶೆ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಭೌತಶಾಸ್ತ್ರದ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣ. ‘ಸಮಾಂತರ ಫಲಕಗಳ ಧಾರಕದ ನಡುವೆ ಡೈಎಲೆಕ್ಟ್ರಿಕ್ ವಸ್ತುವನ್ನು ತುಂಬಿದರೆ ಧಾರಕತೆಯು ಏತಕ್ಕೆ ಹೆಚ್ಚುತ್ತದೆ?’ ಎಂಬುದು ಪ್ರಶ್ನೆ. ನಮ್ಮ ಮುಂದಿದ್ದ ಮಾದರಿ ಉತ್ತರದಲ್ಲಿ ‘ವಸ್ತುವು ಧ್ರುವೀಕರಣಗೊಂಡು ಫಲಕಗಳ ನಡುವಣ ವಿದ್ಯುತ್ ಕ್ಷೇತ್ರವನ್ನು ಕುಗ್ಗಿಸುತ್ತದೆ, ಆದಕಾರಣ ವಿಭವಾಂತರ ತಗ್ಗಿ ಧಾರಕತೆ ಹೆಚ್ಚುತ್ತದೆ’ ಎಂದಿತ್ತು. ಒಬ್ಬ ವಿದ್ಯಾರ್ಥಿ, ‘ಬ್ಯಾಟರಿಯನ್ನು ಜೋಡಿಸಿಯೇ ಇಟ್ಟಿದ್ದರೆ ಕ್ಷೇತ್ರವೇನೂ ಕುಗ್ಗುವುದಿಲ್ಲ, ಫಲಕಗಳ ಮೇಲೆ ವಿದ್ಯುದಂಶ ಹೆಚ್ಚಾಗಿ ಬಂದು ಸೇರುತ್ತದೆ’ ಎಂದು ಬರೆದಿದ್ದನು. ಮಾದರಿಯ ಪ್ರಕಾರ ‘ಕ್ಷೇತ್ರ ಕುಗ್ಗುತ್ತದೆ’ ಎಂಬ ವಾಕ್ಯಕ್ಕೆ ಮೀಸಲಾದ ಅಂಕಗಳು ಅವನಿಗೆ ಸಲ್ಲಲಿಲ್ಲ. ಆ ಅಂಕಗಳನ್ನು ಕಳೆದವರಲ್ಲಿ ಈ ಲೇಖಕನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಸಂಜೆ ಮನೆಗೆ ಹೋಗಿ ಕಾಗದದ ಮೇಲೆ ಲೆಕ್ಕ ಹಾಕಿದಾಗ ತಪ್ಪಿದ್ದುದು ವಿದ್ಯಾರ್ಥಿಯಲ್ಲವೆಂದು ತಿಳಿಯಿತು. ಅಷ್ಟು ಹೊತ್ತಿಗೆ ಪತ್ರಿಕೆಗಳ ಕಟ್ಟು ಮುದ್ರೆ ಹಾಕಿಸಿಕೊಂಡು ಹೋಗಿಯಾಗಿತ್ತು.

ಆಮೇಲೆ ನಮ್ಮ ತರಗತಿಗಳಲ್ಲಿ ಬಳಕೆಯಲ್ಲಿರುವ ಪಠ್ಯಗಳಲ್ಲಿ ಈ ಅಧ್ಯಾಯವೊಂದನ್ನೇ ತೆಗೆದು ಓದುತ್ತ ಹೋದೆನು. ಇಂಗ್ಲಿಷ್ ಪಠ್ಯವಾಗಲಿ, ಅದನ್ನು ಅನುಸರಿಸಿದ ಕನ್ನಡ ಪಠ್ಯವಾಗಲಿ, ಎಲ್ಲದರ ಜಾಡೂ ಬಹುಮಟ್ಟಿಗೆ ಒಂದೇ. ಮೊದಲು ಫಲಕಗಳ ಚಿತ್ರ; ಅದರೊಳಗೆ ಬಾಣಗಳಂತೆ ಸಾಲಾಗಿ ನಿಂತ ಅಣುಗಳು; ಅನಂತರ ಧಾರಕತೆಯು ಇಷ್ಟು ಪಟ್ಟು ಹೆಚ್ಚುತ್ತದೆಂಬ ಸೂತ್ರ; ಕೊನೆಗೆ ಗಾಜು, ಕಾಗೆಬಂಗಾರ, ನೀರು ಮೊದಲಾದವುಗಳ ಮುಂದೆ ಒಂದೊಂದು ಅಂಕಿ ಕೊಟ್ಟಿರುವ ಒಂದು ಕೋಷ್ಟಕ. ಪುಸ್ತಕಗಳ ಹೆಸರುಗಳನ್ನು ಇಲ್ಲಿ ಎತ್ತುವುದಿಲ್ಲ. ದೋಷವು ಯಾವ ಒಬ್ಬ ಗ್ರಂಥಕರ್ತನದೂ ಅಲ್ಲ. ಒಬ್ಬರಿಂದ ಒಬ್ಬರು ಎತ್ತಿಕೊಂಡು ಬಂದ ಕ್ರಮ ಅದು.

ಮೊದಲು ವಿದ್ಯಾರ್ಥಿಯ ಮಾತನ್ನೇ ಅಂಕಿಗಳಲ್ಲಿ ಪರೀಕ್ಷಿಸೋಣ. ೧೦೦ ಚದರ ಸೆಂಟಿಮೀಟರ್ ವಿಸ್ತೀರ್ಣದ ಎರಡು ಫಲಕಗಳು ೧ ಮಿಲಿಮೀಟರ್ ಅಂತರದಲ್ಲಿವೆಯೆಂದು ಇಟ್ಟುಕೊಂಡರೆ ಗಾಳಿಯಲ್ಲಿ ಅವುಗಳ ಧಾರಕತೆ ಸುಮಾರು ೮೮.೫ ಪೈಕೋಫ್ಯಾರಡ್. ೧೦೦ ವೋಲ್ಟ್ ಬ್ಯಾಟರಿಗೆ ಜೋಡಿಸಿದಾಗ ಫಲಕದ ಮೇಲಿನ ವಿದ್ಯುದಂಶ ೮.೮೫ ನ್ಯಾನೋಕೂಲಂ. ಈಗ ಡೈಎಲೆಕ್ಟ್ರಿಕ್ ಸ್ಥಿರಾಂಕ ೬ ಇರುವ ಹಲಗೆಯೊಂದನ್ನು ಪೂರ್ತಿಯಾಗಿ ನಡುವೆ ತೂರಿಸಿದೆವೆನ್ನಿ. ಬ್ಯಾಟರಿಯನ್ನು ಮೊದಲೇ ಬಿಚ್ಚಿದ್ದರೆ ವಿದ್ಯುದಂಶಕ್ಕೆ ಹೋಗಲು ದಾರಿಯಿಲ್ಲ. ವಿಭವಾಂತರವು ೧೦೦ರಿಂದ ೧೬.೭ ವೋಲ್ಟಿಗೆ ಇಳಿಯುತ್ತದೆ, ಕ್ಷೇತ್ರವೂ ಆರರಲ್ಲೊಂದು ಪಾಲಾಗುತ್ತದೆ. ಪಠ್ಯದ ವಾಕ್ಯ ಇಲ್ಲಿ ಸರಿ. ಆದರೆ ಬ್ಯಾಟರಿ ಜೋಡಿಸಿಯೇ ಇದ್ದರೆ? ಫಲಕಗಳ ನಡುವೆ ೧೦೦ ವೋಲ್ಟ್ ಇರಲೇಬೇಕು. ಅಂತರ ೧ ಮಿಲಿಮೀಟರೇ. ಆದುದರಿಂದ ಕ್ಷೇತ್ರವು ಮೀಟರಿಗೆ ಒಂದು ಲಕ್ಷ ವೋಲ್ಟ್, ಮೊದಲಿದ್ದಷ್ಟೇ. ಬದಲಾದುದು ವಿದ್ಯುದಂಶ: ಅದು ೫೩.೧ ನ್ಯಾನೋಕೂಲಂ ಆಯಿತು. ಹಲಗೆಯ ಮುಖದ ಮೇಲೆ ತಲೆದೋರುವ ಬಂಧಿತ ವಿದ್ಯುದಂಶವು ಅದರ ಆರರಲ್ಲಿ ಐದು ಪಾಲು, ಎಂದರೆ ೪೪.೩. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಮತ್ತೆ ೮.೮೫. ಕ್ಷೇತ್ರವನ್ನು ನಿರ್ಧರಿಸುವುದು ಈ ಉಳಿಕೆ. ಅದು ಬದಲಾಗದೆ ಇರುವಂತೆ ಬ್ಯಾಟರಿಯು ಹೊಸ ವಿದ್ಯುದಂಶವನ್ನು ಒದಗಿಸಿತು.

ಹೀಗಿರುವಾಗ ‘ಕ್ಷೇತ್ರ ಕುಗ್ಗುವುದರಿಂದ ಧಾರಕತೆ ಹೆಚ್ಚುತ್ತದೆ’ ಎಂಬುದು ಕಾರಣವಲ್ಲ. ಎರಡು ಸಂದರ್ಭಗಳಲ್ಲಿ ಒಂದರ ವರ್ಣನೆ ಮಾತ್ರ. ನಿಜವಾದ ಮಾತೆಂದರೆ, ಅದೇ ವಿಭವಾಂತರವನ್ನು ನಿಲ್ಲಿಸಲು ಫಲಕಗಳ ಮೇಲೆ ಆರು ಪಟ್ಟು ವಿದ್ಯುದಂಶ ಬೇಕಾಗುತ್ತದೆ, ಏಕೆಂದರೆ ಅದರ ಬಹುಭಾಗವನ್ನು ಹಲಗೆಯ ಮುಖವು ಸರಿದೂಗಿಸಿಬಿಡುತ್ತದೆ. ಧಾರಕತೆಯೆಂಬುದು ಪರಿಮಾಣಗಳ ನಿಷ್ಪತ್ತಿ. ನಿಷ್ಪತ್ತಿಯ ಮೇಲಿನ ಪದ ಹೆಚ್ಚಿತೋ ಕೆಳಗಿನ ಪದ ತಗ್ಗಿತೋ ಎಂಬುದು ಹೊರಗಿನ ಜೋಡಣೆಯನ್ನು ಅವಲಂಬಿಸಿದೆ. ಈ ಒಂದು ವಾಕ್ಯವನ್ನು ಸೇರಿಸಲು ಪಠ್ಯಗಳಿಗೆ ಅರ್ಧ ಪುಟವೂ ಬೇಕಿರಲಿಲ್ಲ.

ಇದೇ ಲೆಕ್ಕವನ್ನು ಶಕ್ತಿಯ ದೃಷ್ಟಿಯಿಂದ ಮುಂದುವರಿಸಿದರೆ ಇನ್ನೂ ಸ್ವಾರಸ್ಯವಿದೆ. ಬ್ಯಾಟರಿ ಬಿಚ್ಚಿದಾಗ ಧಾರಕದ ಶಕ್ತಿ ೦.೪೪ ಮೈಕ್ರೋಜೂಲಿನಿಂದ ೦.೦೭ಕ್ಕೆ ಇಳಿಯುತ್ತದೆ; ಜೋಡಿಸಿದ್ದಾಗ ೦.೪೪ರಿಂದ ೨.೬೬ಕ್ಕೆ ಏರುತ್ತದೆ. ಒಂದರಲ್ಲಿ ಇಳಿತ, ಇನ್ನೊಂದರಲ್ಲಿ ಏರಿಕೆ. ಆದರೂ ಎರಡರಲ್ಲಿಯೂ ಹಲಗೆಯು ಒಳಕ್ಕೆ ಸೆಳೆಯಲ್ಪಡುತ್ತದೆ. ಜಾಣ ವಿದ್ಯಾರ್ಥಿ ಇಲ್ಲಿ ತಬ್ಬಿಬ್ಬಾಗುವುದು ಸಹಜ. ಬ್ಯಾಟರಿಯು ಒದಗಿಸಿದ ಶಕ್ತಿ ೪.೪೩ ಮೈಕ್ರೋಜೂಲ್, ಅದರಲ್ಲಿ ಅರ್ಧ ಧಾರಕದಲ್ಲಿ ಉಳಿಯಿತು, ಇನ್ನರ್ಧ ಹಲಗೆಯನ್ನು ಎಳೆದುಕೊಳ್ಳುವ ಕೆಲಸಕ್ಕೆ ವ್ಯಯವಾಯಿತು ಎಂದು ತೋರಿಸಿದರೆ ತೊಡಕು ಬಿಡುತ್ತದೆ. ಎಳೆಯುವ ಬಲ ಬರುವುದೆಲ್ಲಿಂದ? ಫಲಕಗಳ ನಡುವೆ ಕ್ಷೇತ್ರವು ಎಲ್ಲೆಡೆಯೂ ಸಮನಾಗಿದ್ದು ಫಲಕಗಳಿಗೆ ಲಂಬವಾಗಿದೆ. ಅಂಥ ಕ್ಷೇತ್ರವು ಹಲಗೆಯನ್ನು ಪಕ್ಕಕ್ಕೆ ಎಳೆಯಲಾರದು. ಎಳೆತವೆಲ್ಲ ಅಂಚಿನಲ್ಲಿ, ರೇಖೆಗಳು ಹೊರಕ್ಕೆ ಬಾಗಿರುವ ಕಡೆ, ಹುಟ್ಟುತ್ತದೆ. ‘ಅಂಚಿನ ಪರಿಣಾಮವನ್ನು ಅಲಕ್ಷಿಸಿ’ ಎಂದು ಅಧ್ಯಾಯದ ಮೊದಲ ಪುಟದಲ್ಲಿ ಆಜ್ಞಾಪಿಸಿ, ಹತ್ತನೆಯ ಪುಟದಲ್ಲಿ ಹಲಗೆಯ ಮೇಲಿನ ಬಲವನ್ನು ಕೇಳುವ ಪುಸ್ತಕವು, ಯಾವುದನ್ನು ಅಲಕ್ಷಿಸಿತೋ ಅದನ್ನೇ ಕುರಿತು ಪ್ರಶ್ನಿಸುತ್ತಿದೆಯೆಂಬುದನ್ನು ತಾನೇ ಮರೆತಿರುತ್ತದೆ.

ಹೆಸರಿನ ವಿಷಯವಾಗಿಯೂ ಒಂದು ಮಾತು. ಕನ್ನಡ ಪಠ್ಯಗಳಲ್ಲಿ ಈ ವಸ್ತುಗಳನ್ನು ‘ಅವಾಹಕ’ಗಳೆಂದು ಕರೆದು ಮುಂದೆ ಸಾಗುವ ಪದ್ಧತಿಯುಂಟು. ಅವಾಹಕವೆಂದರೆ ವಿದ್ಯುತ್ತನ್ನು ಸಾಗಿಸದ್ದು. ಏನನ್ನು ಮಾಡುವುದಿಲ್ಲ ಎಂಬುದರಿಂದ ಬಂದ ಹೆಸರು. ಆದರೆ ಧಾರಕದ ನಡುವೆ ಕುಳಿತ ವಸ್ತು ಏನನ್ನೋ ಮಾಡುತ್ತದೆ. ಸುಮ್ಮನೆ ಅಡ್ಡ ನಿಂತಿರುವುದಿಲ್ಲ. ಈ ವ್ಯತ್ಯಾಸವನ್ನು ಕಂಡೇ ಮೈಕೆಲ್ ಫ್ಯಾರಡೆ ಹೊಸ ಶಬ್ದವೊಂದನ್ನು ಅರಸಿದನು. ಅದನ್ನು ಸೂಚಿಸಿದವನು ಕೇಂಬ್ರಿಜಿನ ವಿಲಿಯಂ ಹ್ಯೂವೆಲ್. ಆನೋಡ್, ಕ್ಯಾಥೋಡ್ ಎಂಬ ಪದಗಳೂ ಇದೇ ಪತ್ರವ್ಯವಹಾರದ ಫಲ. ಡೈಎಲೆಕ್ಟ್ರಿಕ್ ಎಂದರೆ ಯಾವುದರ ಮೂಲಕ ವಿದ್ಯುದ್ಬಲವು ಹಾಯ್ದು ವರ್ತಿಸುವುದೋ ಅದು. ಹಿಂದಿಯ ‘ಪರಾವೈದ್ಯುತ’ ಎಂಬ ಶಬ್ದವನ್ನು ನಮ್ಮಲ್ಲಿಯೂ ತರಬಹುದೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಒಳ್ಳೆಯ ದೇಶೀ ಪದ ದೊರೆಯುವವರೆಗೆ ಡೈಎಲೆಕ್ಟ್ರಿಕ್ ಎಂಬುದೇ ಇರಲಿ, ‘ಅವಾಹಕ’ವಂತೂ ಬೇಡ.

ಫ್ಯಾರಡೆಯ ಹೆಸರು ಬಂದುದರಿಂದ ಅವನ ಮೂಲಬರಹವನ್ನು ಸ್ವಲ್ಪ ನೋಡಬೇಕು. ೧೮೩೭ರ ಕೊನೆಯಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿ ೧೮೩೮ರಲ್ಲಿ ಅಚ್ಚಾದ ಅವನ ವಿದ್ಯುತ್ ಸಂಶೋಧನೆಗಳ ಹನ್ನೊಂದನೆಯ ಸರಣಿಯನ್ನು ನಮ್ಮ ಪಠ್ಯಗಳ ಪಕ್ಕದಲ್ಲಿಟ್ಟು ಓದಿದರೆ ಯಾವುದು ಕಳೆದುಹೋಗಿದೆಯೆಂಬುದು ತಿಳಿಯುತ್ತದೆ. ಅವನು ಒಂದೇ ಅಳತೆಯ ಎರಡು ಉಪಕರಣಗಳನ್ನು ಮಾಡಿಸಿದನು. ಪ್ರತಿಯೊಂದೂ ಎರಡು ಅರ್ಧಗೋಳಗಳು ಸೇರಿದ ಹಿತ್ತಾಳೆಯ ಪೊಳ್ಳು ಗೋಳ. ಅದರ ನಡುವೆ, ಅರಗಿನ ಕಂಬಿಯ ಆಧಾರದಿಂದ ನಿಂತ ಇನ್ನೊಂದು ಗುಂಡು. ಗುಂಡಿನ ವ್ಯಾಸ ೨.೩೩ ಅಂಗುಲ, ಹೊರಗೋಳದ ಒಳವ್ಯಾಸ ೩.೫೭ ಅಂಗುಲ, ನಡುವಣ ಅವಕಾಶ ಸುಮಾರು ಮುಕ್ಕಾಲು ಅಂಗುಲಕ್ಕೂ ಕಡಿಮೆ. ಒಂದಕ್ಕೆ ವಿದ್ಯುದಂಶ ಕೊಟ್ಟು, ಎರಡನ್ನೂ ಮುಟ್ಟಿಸಿ, ಪಾಲು ಹೇಗೆ ಹಂಚಿಹೋಯಿತೆಂಬುದನ್ನು ತಿರುಚುತಕ್ಕಡಿಯಿಂದ ಅಳೆಯುವುದು ವಿಧಾನ. ಎರಡರಲ್ಲಿಯೂ ಗಾಳಿಯಿದ್ದಾಗ ಪಾಲು ಸಮನಾಗಿತ್ತು. ಒಂದರ ಕೆಳ ಅರ್ಧದಲ್ಲಿ ಅರಗಿನ ಬಟ್ಟಲನ್ನು ಕೂರಿಸಿದಾಗ ಅದು ಹೆಚ್ಚಿನ ಪಾಲನ್ನು ಎಳೆದುಕೊಂಡಿತು. ಅದರ ಧಾರಕತೆ ಇನ್ನೊಂದರ ಸುಮಾರು ಒಂದೂವರೆ ಪಟ್ಟು ಎಂದು ಬಂದಿತು. ಅರ್ಧ ಮಾತ್ರ ತುಂಬಿದಾಗ ಒಂದೂವರೆಯಾದರೆ, ಪೂರ್ತಿ ತುಂಬಿದಾಗ ಎರಡು. ಗಂಧಕಕ್ಕೆ ೨.೨೪, ಫ್ಲಿಂಟ್ ಗಾಜಿಗೆ ೧.೭೬ ಎಂಬ ಬೆಲೆಗಳು ಹೀಗೆಯೇ ದೊರೆತವು.

ಅರಗು ನಮ್ಮವರಿಗೆ ಪಾಂಡವರ ಕಥೆಯ ಕಾಲದಿಂದ ಪರಿಚಿತವಾದ ಪದಾರ್ಥ. ಯೂರೋಪಿನ ಪ್ರಯೋಗಶಾಲೆಗಳಿಗೆ ಅದು ಹೋಗುತ್ತಿದ್ದುದೂ ಬಹುಪಾಲು ಈ ದೇಶದಿಂದಲೇ. ಆದರೂ ಈ ಪ್ರಯೋಗದ ಪ್ರಸ್ತಾಪ ನಮ್ಮ ಪಠ್ಯಗಳಲ್ಲಿಲ್ಲ.

ಇರಲಿ. ಇಂದಿನ ಅಳತೆಗಳೊಡನೆ ಹೋಲಿಸಿದರೆ ಫ್ಯಾರಡೆಯ ಬೆಲೆಗಳು ತೀರ ಕಡಿಮೆ; ಗಂಧಕಕ್ಕೆ ಇಂದು ೪ರ ಸಮೀಪದ ಅಂಕಿಯನ್ನು ಕೊಡುತ್ತಾರೆ. ಹೆನ್ರಿ ಕ್ಯಾವೆಂಡಿಷನು ೧೭೭೦ರ ದಶಕದಲ್ಲಿಯೇ ಈ ವಸ್ತುಗುಣವನ್ನು ಅಳೆದಿದ್ದನು. ಪ್ರಕಟಿಸದೆ ಇಟ್ಟುಕೊಂಡಿದ್ದ ಆ ಕಾಗದಗಳನ್ನು ಮ್ಯಾಕ್ಸ್‌ವೆಲ್ ಸಂಪಾದಿಸಿ ೧೮೭೯ರಲ್ಲಿ ಹೊರತರುವವರೆಗೆ ಯಾರಿಗೂ ತಿಳಿದಿರಲಿಲ್ಲ. ಅಂಕಿಗಳ ನಿಷ್ಕೃಷ್ಟತೆಯೇ ಮುಖ್ಯವೆಂದಾದರೆ ಫ್ಯಾರಡೆಗೆ ಹೆಚ್ಚಿನ ಸ್ಥಾನ ಸಲ್ಲದು. ಅವನ ಹಿರಿಮೆ ಬೇರೆಯದು. ವಿದ್ಯುದ್ಬಲವು ದೂರದಿಂದ ದೂರಕ್ಕೆ ನೆಗೆಯುತ್ತದೆಂದು ಎಲ್ಲರೂ ನಂಬಿದ್ದಾಗ, ನಡುವಣ ವಸ್ತುವಿಗೆ ಅದರಲ್ಲಿ ಪಾಲುಂಟೆಂದು ಅವನು ತೋರಿಸಿದನು. ಪ್ರಶ್ನೆಯಿದ್ದುದು ಸಿದ್ಧಾಂತದ ಬಗೆಗೆ. ಸ್ಥಿರಾಂಕವು ಅದರ ಸಾಕ್ಷಿ ಮಾತ್ರ. ನಾವು ಸಾಕ್ಷಿಯನ್ನು ಇಟ್ಟುಕೊಂಡು ವಾದವನ್ನು ಕೈಬಿಟ್ಟಿದ್ದೇವೆ.

ಕಡಿಮೆ ಬೆಲೆ ಬರುವ ವಿಚಾರ ನಮ್ಮ ಪ್ರಯೋಗಶಾಲೆಗಳಿಗೂ ಸಂಬಂಧಿಸಿದ್ದು. ಗಾಜಿನ ಹಲಗೆಯನ್ನು ಎರಡು ಲೋಹದ ಫಲಕಗಳ ನಡುವೆ ಇಟ್ಟು ಅಳೆದ ವಿದ್ಯಾರ್ಥಿ ೭ ಬರಬೇಕಾದಲ್ಲಿ ೪ ಎಂದು ಬರೆದು ತಂದರೆ, ಅಧ್ಯಾಪಕರು ‘ಪುನಃ ಮಾಡು’ ಎಂದು ಹೇಳಿ ಕಳುಹಿಸುವುದುಂಟು. ಗಾಜು ಮತ್ತು ಫಲಕದ ನಡುವೆ ಗಾಳಿಯ ಪದರವೊಂದು ಉಳಿದು, ಒಟ್ಟು ಅಂತರದಲ್ಲಿ ಹತ್ತರಲ್ಲೊಂದು ಪಾಲಾಗಿದ್ದರೂ ಸಾಕು; ೭ರ ಬದಲು ಬರುವುದು ೪.೪. ವಿಭವಾಂತರದ ಅರ್ಧಕ್ಕೆ ಸಮೀಪದ ಪಾಲನ್ನು ಆ ತೆಳು ಗಾಳಿಯೇ ನುಂಗಿಬಿಡುತ್ತದೆ. ಕಾರ್ಖಾನೆಯವರು ಈ ಕಾರಣದಿಂದಲೇ ಲೋಹವನ್ನು ಡೈಎಲೆಕ್ಟ್ರಿಕ್ಕಿನ ಮೈಮೇಲೆಯೇ ಆವಿಯ ರೂಪದಲ್ಲಿ ಕೂರಿಸುತ್ತಾರೆ. ತಪ್ಪು ಬಂದ ಉತ್ತರವೇ ಇಲ್ಲಿ ಒಳ್ಳೆಯ ಪಾಠವಾಗಬಲ್ಲದು.

ಈಗ, ಅಧ್ಯಾಯದಲ್ಲಿ ಅತ್ಯಂತ ಆಕರ್ಷಕವೂ ಅತ್ಯಂತ ಅಪಾಯಕಾರಿಯೂ ಆದ ಭಾಗಕ್ಕೆ ಬರೋಣ. ಲೈಡನ್ ಜಾಡಿಯ ಒಳಹೊದಿಕೆ, ಹೊರಹೊದಿಕೆಗಳನ್ನು ಬಿಡಿಸಿ ತೆಗೆಯುವ ಪ್ರಯೋಗ ಅದು. ಜಾಡಿಗೆ ವಿದ್ಯುದಂಶ ತುಂಬಿ, ಲೋಹದ ಹೊದಿಕೆಗಳನ್ನು ಒಂದೊಂದಾಗಿ ತೆಗೆದು, ಎರಡನ್ನೂ ಒಂದಕ್ಕೊಂದು ಮುಟ್ಟಿಸುತ್ತಾರೆ, ಕಿಡಿಯಿಲ್ಲ. ಮತ್ತೆ ಜೋಡಿಸಿ ಮುಟ್ಟಿಸಿದರೆ ಚಟಾರೆಂದು ಕಿಡಿ ಹಾರುತ್ತದೆ. ‘ಆದ್ದರಿಂದ ವಿದ್ಯುದಂಶವು ಫಲಕಗಳಲ್ಲಿಲ್ಲ, ಡೈಎಲೆಕ್ಟ್ರಿಕ್ಕಿನಲ್ಲಿದೆ’ ಎಂದು ಸಿದ್ಧಾಂತ ಮಾಡುತ್ತಾರೆ. ಈ ತೀರ್ಮಾನದ ಮೂಲ ಬೆಂಜಮಿನ್ ಫ್ರ್ಯಾಂಕ್ಲಿನ್. ೧೭೪೦ರ ದಶಕದ ಕೊನೆಯಲ್ಲಿ ಅವನು ಸೀಸೆಯ ನೀರನ್ನು ಬೇರೊಂದು ಸೀಸೆಗೆ ಸುರಿದು ನೋಡಿ, ನೀರಿನಲ್ಲಿ ಏನೂ ಇಲ್ಲವೆಂದೂ, ಬಲವೆಲ್ಲ ಗಾಜಿನಲ್ಲಿಯೇ ಇದೆಯೆಂದೂ ಕಂಡುಕೊಂಡನು. ಅವನ ಕಾಲಕ್ಕೆ ಅದು ಅದ್ಭುತವಾದ ತರ್ಕ. ಇಂದಿಗೆ ಅದು ತಪ್ಪು.

ಒಳಹೊದಿಕೆಯನ್ನು ಮೇಲಕ್ಕೆತ್ತುವಾಗ ಧಾರಕತೆ ಇಳಿಯುತ್ತದೆ, ವಿಭವ ಏರುತ್ತದೆ. ಹೊದಿಕೆಯ ಅಂಚಿನಿಂದ ಗಾಳಿಯ ಮೂಲಕ ವಿದ್ಯುದಂಶವು ಸೂಸಿ ಗಾಜಿನ ಮೈಮೇಲೆ ಬಂದು ಕೂರುತ್ತದೆ. ಗಾಜಿನ ಮೈಯಾದರೋ ಸದಾ ತೇವಾಂಶದ ತೆಳುಪರೆಯನ್ನು ಹೊದ್ದಿರುತ್ತದೆ, ಅದೂ ಸಹಕರಿಸುತ್ತದೆ. ೧೯೨೨ರಲ್ಲಿ ಅಡೆನ್‌ಬ್ರೂಕ್ ಎಂಬಾತನು ಪ್ಯಾರಫಿನ್ ಮೇಣದಿಂದಲೂ, ಕಾಯಿಸಿ ತೇವ ತೆಗೆದ ಗಾಜಿನಿಂದಲೂ ಇದೇ ಪ್ರಯೋಗವನ್ನು ಮಾಡಿದಾಗ ವಿದ್ಯುದಂಶವು ಲೋಹದ ಹೊದಿಕೆಗಳಲ್ಲಿಯೇ ಉಳಿಯಿತು. ಅಂದರೆ ಪ್ರಸಿದ್ಧವಾದ ಪ್ರಯೋಗವು ತೋರಿಸುತ್ತಿದ್ದುದು ಡೈಎಲೆಕ್ಟ್ರಿಕ್ಕಿನ ಸ್ವಭಾವವನ್ನಲ್ಲ. ಹೊದಿಕೆಯನ್ನು ಎತ್ತುವ ಕ್ರಿಯೆಯ ಪರಿಣಾಮವನ್ನು. ಜೆಲೆನಿ ಎಂಬ ಅಮೆರಿಕದ ಭೌತವಿಜ್ಞಾನಿ ೧೯೪೪ರಲ್ಲಿ ಇದನ್ನು ಪುನಃ ಪರೀಕ್ಷಿಸಿ ದೃಢಪಡಿಸಿದನು. ಅಲ್ಲಿಂದ ಎಂಟು ದಶಕಗಳು ಕಳೆದಿವೆ. ನಾನೂ ತರಗತಿಯಲ್ಲಿ ಹಲವು ವರ್ಷ ಫ್ರ್ಯಾಂಕ್ಲಿನ್ನನ ತೀರ್ಮಾನವನ್ನೇ ಸಂತೋಷದಿಂದ ಹೇಳಿದವನು. ಒಂದು ಆಷಾಢದಲ್ಲಿ ಜಾಡಿಯು ಕಿಡಿಯನ್ನೇ ಕೊಡದೆ ಹೋಯಿತು. ‘ಸಾರ್, ವಿದ್ಯುತ್ತು ಗಾಜಿನೊಳಗೆ ಇರುವುದಾದರೆ ಹೊರಗಿನ ಮಳೆಗೂ ಅದಕ್ಕೂ ಏನು ಸಂಬಂಧ?’ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ.

ಇನ್ನು, ಬಾಣಗಳ ಚಿತ್ರ. ಎಲ್ಲ ಅಣುಗಳೂ ಕವಾಯತಿನ ಸಿಪಾಯಿಗಳಂತೆ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುವಂತೆ ಅದರಲ್ಲಿ ತೋರಿಸಿರುತ್ತದೆ. ನೀರಿನ ಅಣು ಬಲವಾದ ದ್ವಿಧ್ರುವ. ಅದನ್ನೇ ತೆಗೆದುಕೊಂಡು, ಮೇಲಿನ ಲೆಕ್ಕದ ಮೀಟರಿಗೆ ಒಂದು ಲಕ್ಷ ವೋಲ್ಟ್ ಕ್ಷೇತ್ರದಲ್ಲಿಟ್ಟರೆ, ಕ್ಷೇತ್ರವು ಅಣುವನ್ನು ತಿರುಗಿಸಲು ಒದಗಿಸುವ ಶಕ್ತಿಯು ಉಷ್ಣಚಲನೆಯ ಶಕ್ತಿಯ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಸರಾಸರಿ ವಾಲಿಕೆಯು ಪೂರ್ಣ ವಾಲಿಕೆಯ ಇಪ್ಪತ್ತು ಸಾವಿರದಲ್ಲೊಂದು ಅಂಶದ ಆಸುಪಾಸಿನದು. ನೆರೆಯ ಅಣುಗಳ ಪ್ರಭಾವವನ್ನು ಸೇರಿಸಿದರೆ ಅಂಕಿ ಬದಲಾದೀತು, ಚಿತ್ರ ಬದಲಾಗದು: ಜಾತ್ರೆಯ ಗುಂಪಿನಲ್ಲಿ ಜನ ಎಲ್ಲ ಕಡೆಗೂ ನುಗ್ಗಾಡುತ್ತಿರುವಾಗ ಒಟ್ಟಿನಲ್ಲಿ ತೇರಿನ ಕಡೆಗೆ ಒಂದು ಕಾಣದ ಒಲವಿರುವಂತೆ. ಅಷ್ಟು ಅಲ್ಪವಾದ ಒಲವು ಸ್ಥಿರಾಂಕವನ್ನು ೮೦ಕ್ಕೆ ಏರಿಸುವುದು ಹೇಗೆಂದರೆ, ಅಣುಗಳ ಸಂಖ್ಯೆ ಅಷ್ಟು ಅಗಾಧ. ಕವಾಯತಿನ ಚಿತ್ರವನ್ನು ನಂಬಿದ ವಿದ್ಯಾರ್ಥಿಗೆ, ಉಷ್ಣತೆ ಹೆಚ್ಚಿದಾಗ ನೀರಿನ ಸ್ಥಿರಾಂಕ ಇಳಿಯುವುದೇತಕ್ಕೆಂದು ಎಂದಿಗೂ ಹೊಳೆಯದು. ೨೦ ಡಿಗ್ರಿಯಲ್ಲಿ ೮೦ ಇರುವುದು ೧೦೦ ಡಿಗ್ರಿಯಲ್ಲಿ ೫೬ರ ಹತ್ತಿರಕ್ಕೆ ಬರುತ್ತದೆ.

ಇಲ್ಲಿಗೆ ‘ಸ್ಥಿರಾಂಕ’ವೆಂಬ ಹೆಸರೇ ಸಂಶಯಾಸ್ಪದವಾಯಿತು. ಮ್ಯಾಕ್ಸ್‌ವೆಲ್ಲನ ಸಿದ್ಧಾಂತದಂತೆ ಇದು ವಕ್ರೀಭವನ ಸೂಚ್ಯಂಕದ ವರ್ಗಕ್ಕೆ ಸಮನಾಗಿರಬೇಕು. ನೀರಿನ ಸೂಚ್ಯಂಕ ೧.೩೩, ವರ್ಗ ೧.೭೭. ಎಲ್ಲಿಯ ೧.೭೭, ಎಲ್ಲಿಯ ೮೦! ಸಿದ್ಧಾಂತ ಸುಳ್ಳಲ್ಲ, ಬೆಳಕಿನ ಆವೃತ್ತಿಯಲ್ಲಿ ಅಣುಗಳಿಗೆ ತಿರುಗಲು ಪುರಸತ್ತಿಲ್ಲ, ಎಲೆಕ್ಟ್ರಾನುಗಳು ಮಾತ್ರ ಓಗೊಡುತ್ತವೆ. ಶಾಶ್ವತ ದ್ವಿಧ್ರುವಗಳ ಈ ವಿಚಾರವನ್ನು ೧೯೧೨ರಲ್ಲಿ ಪೀಟರ್ ಡಿಬೈ ಬಿಡಿಸಿ ಹೇಳಿದನು. ಕೋಣೆಯ ಉಷ್ಣತೆಯಲ್ಲಿ ನೀರಿನ ಅಣುಗಳು ಕ್ಷೇತ್ರದ ಹಿಂದೆ ಬಿದ್ದು ಏದುಸಿರು ಬಿಡತೊಡಗುವುದು ಸೆಕೆಂಡಿಗೆ ಸುಮಾರು ೧,೭೦೦ ಕೋಟಿ ಆವರ್ತಗಳಲ್ಲಿ. ಹೀಗೆ ಹಿಂದೆ ಬೀಳುವುದರ ಫಲವೇ ಶಾಖವಾಗಿ ಹೋಗುವ ನಷ್ಟ. ಯಾವ ಆವೃತ್ತಿಯಲ್ಲಿ, ಯಾವ ಉಷ್ಣತೆಯಲ್ಲಿ ಎಂದು ಹೇಳದೆ ಕೋಷ್ಟಕದಲ್ಲಿ ‘ನೀರು: ೮೦’ ಎಂದು ಬರೆಯುವುದು, ಊರಿನ ಹೆಸರು ಹೇಳದೆ ‘ಇಂದು ಮಳೆ’ ಎಂದಂತೆ.

ಇಷ್ಟು ದೊಡ್ಡ ಸ್ಥಿರಾಂಕವಿದ್ದ ಮೇಲೆ ಧಾರಕಗಳಿಗೆ ನೀರನ್ನೇ ಏಕೆ ತುಂಬಬಾರದು? ಪ್ರತಿವರ್ಷವೂ ಯಾರಾದರೊಬ್ಬರು ಕೇಳುವ ಪ್ರಶ್ನೆಯಿದು. ಇದಕ್ಕೆ ನಗುವುದು ಸಲ್ಲದು. ಅತ್ಯಂತ ಶುದ್ಧವಾದ ನೀರಿನಲ್ಲಿಯೂ ಸ್ವಲ್ಪ ವಾಹಕತೆಯುಂಟು. ಅದರ ರೋಧಶೀಲತೆಯನ್ನೂ ಸ್ಥಿರಾಂಕವನ್ನೂ ಗುಣಿಸಿ ನೋಡಿದರೆ ತುಂಬಿದ ವಿದ್ಯುದಂಶ ಸೋರಿಹೋಗುವ ಕಾಲ ಸುಮಾರು ೦.೧೩ ಮಿಲಿಸೆಕೆಂಡ್ ಎಂದು ಬರುತ್ತದೆ. ನಮ್ಮ ಸಾಮಾನ್ಯ ಕೆಲಸಗಳಿಗೆ ಅದು ಏನೂ ಅಲ್ಲ. ಆದರೆ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುವ ಕೆಲಸಕ್ಕೆ ಅದೇ ದೀರ್ಘಕಾಲ. ಅಮೆರಿಕದ ಸ್ಯಾಂಡಿಯಾ ಪ್ರಯೋಗಶಾಲೆಯ ಜೆಡ್ ಯಂತ್ರದಂಥ ಬೃಹತ್ ಸಾಧನಗಳಲ್ಲಿ ಶುದ್ಧ ನೀರೇ ಡೈಎಲೆಕ್ಟ್ರಿಕ್. ಪಠ್ಯದ ‘ಅವಾಹಕ’ ಎಂಬ ವ್ಯಾಖ್ಯೆಗೆ ಇದು ಎಲ್ಲಿ ಹೊಂದುತ್ತದೆ?

ಕೋಷ್ಟಕದ ಇನ್ನೊಂದು ತುದಿಯಲ್ಲಿ ಬೇರಿಯಂ ಟೈಟನೇಟ್ ಇರುತ್ತದೆ. ಅದರ ಮುಂದೆ ಸಾವಿರಕ್ಕೆ ಮೀರಿದ ಅಂಕಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಿಯೋ ಧಾರಕಗಳಿಗೆ ಬೇಕಾದ ಕಾಗೆಬಂಗಾರದ ಅಭಾವವಿತ್ತು. ಅದರ ದೊಡ್ಡ ನೆಲೆಗಳಲ್ಲಿ ಒಂದು ನಮ್ಮ ದೇಶದ ಕೋಡರ್ಮಾ ಪ್ರದೇಶ. ಬದಲಿ ವಸ್ತುಗಳನ್ನು ಹುಡುಕುತ್ತ ಟೈಟಾನಿಯಂ ಆಕ್ಸೈಡಿನ ಪಿಂಗಾಣಿಗಳನ್ನು ಶೋಧಿಸುತ್ತಿದ್ದಾಗ, ೧೯೪೦ರ ದಶಕದ ಮೊದಲರ್ಧದಲ್ಲಿ, ಅಮೆರಿಕ, ರಷ್ಯ, ಜಪಾನುಗಳಲ್ಲಿ ಬೇರೆ ಬೇರೆಯಾಗಿ ಇದರ ಗುಣ ಬೆಳಕಿಗೆ ಬಂದಿತು. ಇಂದು ಒಂದೊಂದು ಮೊಬೈಲ್ ಫೋನಿನಲ್ಲಿಯೂ ಇಂಥ ಪಿಂಗಾಣಿಯ ಅತಿಸೂಕ್ಷ್ಮ ಧಾರಕಗಳು ನೂರಾರಿವೆ. ಆದರೆ ಕಾಗೆಬಂಗಾರದ ೬ನ್ನೂ ಇದರ ಸಾವಿರಗಳನ್ನೂ ಒಂದೇ ಕಂಬದಲ್ಲಿ ಬರೆಯುವುದು ಎರಡು ಜಾತಿಯ ಪದಾರ್ಥಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತೆ. ಸುಮಾರು ೧೨೦ ಡಿಗ್ರಿಯ ಹತ್ತಿರ ಬೇರಿಯಂ ಟೈಟನೇಟಿನ ಹರಳಿನ ಕಟ್ಟಡವೇ ಬದಲಾಗಿ ಬೆಲೆಯು ತಟ್ಟನೆ ಏರುತ್ತದೆ. ಕ್ಷೇತ್ರ ಹೆಚ್ಚಿದಂತೆ ಬೆಲೆ ಇಳಿಯುತ್ತದೆ. ‘ಎಕ್ಸ್ ೭ ಆರ್’ ಎಂದು ಗುರುತು ಹಾಕಿದ ಧಾರಕವು ಸೊನ್ನೆಗಿಂತ ಕೆಳಗೆ ೫೫ ಡಿಗ್ರಿಯಿಂದ ಮೇಲೆ ೧೨೫ ಡಿಗ್ರಿಯವರೆಗೆ ನೂರಕ್ಕೆ ೧೫ಕ್ಕಿಂತ ಹೆಚ್ಚು ವ್ಯತ್ಯಾಸವಾಗದೆಂದು ಭರವಸೆ ಕೊಡುತ್ತದೆ. ಆದರೆ ಆ ಭರವಸೆ ವೋಲ್ಟೇಜ್ ಇಲ್ಲದಿರುವಾಗಿನದು. ಅದಕ್ಕೆ ವಿಧಿಸಿದ ಪೂರ್ಣ ವೋಲ್ಟೇಜನ್ನು ಹೇರಿದಾಗ ಧಾರಕತೆಯು ಅರ್ಧಕ್ಕೂ ಇಳಿಯಬಹುದು. ನಮ್ಮ ಸೂತ್ರವನ್ನು ಕಂಠಪಾಠ ಮಾಡಿ ಹೋದ ಹುಡುಗನಿಗೆ ಇದು ಕೆಲಸಕ್ಕೆ ಸೇರಿದ ಮೇಲೆ ಮಂಡಲವು ಕೆಟ್ಟಾಗ ತಿಳಿಯುತ್ತದೆ.

ದೊಡ್ಡ ಅಂಕಿಯೇ ಒಳ್ಳೆಯ ಡೈಎಲೆಕ್ಟ್ರಿಕ್ಕಿನ ಲಕ್ಷಣವೆಂಬ ಭ್ರಮೆಗೆ ಮನೆಯ ಸೀಲಿಂಗ್ ಫ್ಯಾನೇ ಉತ್ತರ. ‘ಕಂಡೆನ್ಸರ್ ಹೋಗಿದೆ’ ಎಂದು ರಿಪೇರಿಯವನು ಬದಲಾಯಿಸುವ ಆ ೨.೫ ಮೈಕ್ರೋಫ್ಯಾರಡ್ ಡಬ್ಬಿಯೊಳಗೆ ಇರುವುದು ಲೋಹ ಲೇಪಿಸಿದ ಪಾಲಿಪ್ರೊಪಿಲೀನ್ ಹಾಳೆ, ಸ್ಥಿರಾಂಕ ೨.೨ ಮಾತ್ರ. ಪಾಲಿಯೆಸ್ಟರ್ ಹಾಳೆಗೆ ೩.೩ ಇದೆ, ಆದರೂ ಅದನ್ನು ಬಳಸುವುದಿಲ್ಲ. ಧಾರಕದ ಮೇಲೆ ೩೦೦ ವೋಲ್ಟ್ ಇದೆಯೆಂದು ಹಿಡಿದರೆ ಅದರೊಳಗೆ ಅತ್ತಿತ್ತ ಓಡಾಡುವ ಪ್ರತಿಘಾತ ಸಾಮರ್ಥ್ಯ ಸುಮಾರು ೭೦ ವೋಲ್ಟ್-ಆಂಪಿಯರ್. ನಷ್ಟಾಂಶ ೦.೦೦೦೩ ಆದರೆ ಶಾಖವಾಗುವುದು ೦.೦೨ ವ್ಯಾಟ್, ೦.೦೦೫ ಆದರೆ ೦.೩೫ ವ್ಯಾಟ್. ಮುಚ್ಚಿದ ಪುಟ್ಟ ಡಬ್ಬಿಯಲ್ಲಿ ವರ್ಷಗಟ್ಟಲೆ ಹಗಲಿರುಳು ಇರಬೇಕಾದ ವಸ್ತುವಿಗೆ ಈ ವ್ಯತ್ಯಾಸ ಅಲ್ಪವಲ್ಲ. ಎಲ್ಲಿಯಾದರೂ ಒಂದು ಬಿಂದುವಿನಲ್ಲಿ ಹಾಳೆ ಸಿಡಿದರೆ ಸುತ್ತಲಿನ ಲೇಪವು ಆವಿಯಾಗಿ ಆ ಗಾಯ ತಾನೇ ಮಾಯುತ್ತದೆ. ಹಾಗೆ ಲೇಪ ಸವೆದು ಸವೆದು ಧಾರಕತೆ ತಗ್ಗಿದಾಗ ಫ್ಯಾನು ನಿಧಾನವಾಗುತ್ತದೆ.

ಪಠ್ಯಗಳು ತೀರ ಕಡೆಗಣಿಸಿದ ಇನ್ನೊಂದು ಗುಣ, ವಸ್ತುವು ಸಿಡಿಯದೆ ತಾಳಿಕೊಳ್ಳುವ ಕ್ಷೇತ್ರದ ಮಿತಿ. ಘನಮೀಟರಿನಲ್ಲಿ ಹಿಡಿಸುವ ಶಕ್ತಿ ಸ್ಥಿರಾಂಕಕ್ಕೆ ಅನುಪಾತದಲ್ಲಿಯೂ ಕ್ಷೇತ್ರದ ವರ್ಗಕ್ಕೆ ಅನುಪಾತದಲ್ಲಿಯೂ ಇರುವುದರಿಂದ ಈ ಮಿತಿಯೇ ಹೆಚ್ಚು ಮುಖ್ಯ. ಗಾಳಿಯು ಮಿಲಿಮೀಟರಿಗೆ ೩,೦೦೦ ವೋಲ್ಟ್ ತಾಳುತ್ತದೆ. ಘನಮೀಟರಿಗೆ ಸುಮಾರು ೪೦ ಜೂಲ್. ಪಾಲಿಪ್ರೊಪಿಲೀನಿನ ತೆಳು ಹಾಳೆಯು ಮೈಕ್ರೋಮೀಟರಿಗೆ ೬೦೦ ವೋಲ್ಟ್ ತಾಳುವುದೆಂದು ಹಿಡಿದರೆ ೩೫ ಲಕ್ಷ ಜೂಲ್. ಸ್ಥಿರಾಂಕ ಎರಡು ಪಟ್ಟಾದರೆ ಶಕ್ತಿ ಸುಮಾರು ಒಂದು ಲಕ್ಷ ಪಟ್ಟು! ಎಲೆಕ್ಟ್ರೊಲಿಟಿಕ್ ಧಾರಕದ ರಹಸ್ಯವೂ ಇದೇ. ಅದರ ಅಲ್ಯುಮಿನಿಯಂ ಆಕ್ಸೈಡಿನ ಸ್ಥಿರಾಂಕ ೯ರ ಆಸುಪಾಸು, ಗಾಜಿಗಿಂತ ಅಷ್ಟೇನೂ ಹೆಚ್ಚಲ್ಲ; ಆದರೆ ಪದರದ ದಪ್ಪ ವೋಲ್ಟಿಗೆ ಒಂದೂವರೆ ನ್ಯಾನೋಮೀಟರಿಗಿಂತಲೂ ಕಡಿಮೆ.

ಕೊನೆಯದಾಗಿ, ಫ್ಯಾರಡೆ ತನ್ನ ಅರಗಿನ ಉಪಕರಣದಲ್ಲಿ ಕಂಡು ಬರೆದಿಟ್ಟ, ಪಠ್ಯಗಳು ಪೂರ್ತಿಯಾಗಿ ಬಿಟ್ಟ ಸಂಗತಿಯೊಂದಿದೆ. ವಿದ್ಯುದಂಶವನ್ನೆಲ್ಲ ಬರಿದುಮಾಡಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಸ್ವಲ್ಪ ಬಂದು ಸೇರಿರುತ್ತಿತ್ತು. ಗಾಳಿಯ ಉಪಕರಣದಲ್ಲಿ ಹೀಗಾಗುತ್ತಿರಲಿಲ್ಲ. ಡೈಎಲೆಕ್ಟ್ರಿಕ್ಕಿನ ಒಳಗಿನ ನಿಧಾನ ಧ್ರುವೀಕರಣವು ಹೊರಗಿನ ಫಲಕಗಳು ಬರಿದಾದಷ್ಟು ಬೇಗ ಸಡಿಲವಾಗದಿರುವುದೇ ಇದಕ್ಕೆ ಕಾರಣ. ಇದನ್ನು ತರಗತಿಯಲ್ಲಿ ತೋರಿಸಲು ತಿರುಚುತಕ್ಕಡಿ ಬೇಕಿಲ್ಲ. ೧,೦೦೦ ಮೈಕ್ರೋಫ್ಯಾರಡ್ಡಿನ ಎಲೆಕ್ಟ್ರೊಲಿಟಿಕ್ ಧಾರಕವೊಂದನ್ನು ಅದರ ಮಿತಿಯೊಳಗೆ ೨೦ ವೋಲ್ಟಿಗೆ ಹತ್ತು ನಿಮಿಷ ಜೋಡಿಸಿಟ್ಟು, ಬ್ಯಾಟರಿ ಬಿಚ್ಚಿ, ರೋಧಕದ ಮೂಲಕ ಬರಿದುಮಾಡಿ, ತುದಿಗಳನ್ನು ಐದು ಸೆಕೆಂಡು ತಂತಿಯಿಂದ ಕೂಡಿಸಿ, ತಂತಿ ತೆಗೆದು ಡಿಜಿಟಲ್ ಮೀಟರನ್ನು ಹಚ್ಚಿದರೆ, ಸೊನ್ನೆಯಿದ್ದ ಅಂಕಿಯು ನಿಧಾನವಾಗಿ ಮೇಲೇರುವುದನ್ನು ಹಿಂದಿನ ಬೆಂಚಿನವರೂ ನೋಡಬಹುದು. ಪಾಲಿಪ್ರೊಪಿಲೀನ್ ಧಾರಕದಲ್ಲಿ ಇದು ಅತ್ಯಲ್ಪ. ಹೆಚ್ಚಿನ ವೋಲ್ಟೇಜಿನ ದೊಡ್ಡ ಧಾರಕಗಳನ್ನು ಉಗ್ರಾಣದಲ್ಲಿಡುವಾಗಲೂ ತುದಿಗಳನ್ನು ತಂತಿಯಿಂದ ಕೂಡಿಸಿಯೇ ಇಡುವುದು ಇದೇ ಭಯದಿಂದ; ‘ಬರಿದಾಗಿದೆ’ಯೆಂದು ನಂಬಿ ಕೈಯಿಟ್ಟವರಿಗೆ ಅದು ಪ್ರಾಣಾಂತಿಕವಾಗಬಲ್ಲದು. ಕಳೆದ ಎರಡು ವರ್ಷಗಳಿಂದ ಲೈಡನ್ ಜಾಡಿಯನ್ನು ಬೀರುವಿನಲ್ಲಿಟ್ಟು, ಅಧ್ಯಾಯವನ್ನು ಈ ಮೀಟರಿನಿಂದಲೇ ಆರಂಭಿಸುತ್ತಿದ್ದೇನೆ. ಅಂಕಿ ಏರುವುದನ್ನು ಕಂಡೊಡನೆ ಮೊದಲು ಬರುವ ಪ್ರಶ್ನೆ, ‘ಅದು ಇಷ್ಟು ಹೊತ್ತು ಎಲ್ಲಿತ್ತು, ಸಾರ್?’ ಎಂಬುದು.